ಓಬಯ್ಯನ ಬಲಗಣ್ಣು ಮತ್ತು ಬಿ.ಪಿ.

ಓಬಯ್ಯ ನೇಯ್ದ ನವಿಲು ಕೋಳಿಯಂತೆ ಕಂಡದ್ದೇ ಈ ಎಲ್ಲ ರಾಮಾಯಣಕ್ಕೂ ಮೂಲ. ಮೊಳಕಾಲ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಕೈ ಅವನದು. ಕೈಯಲ್ಲಿ ದೋಷವಿರಲಿಲ್ಲ, ಬಲಗಣ್ಣಿಗೆ ಪೊರೆ ಬಂದಿತ್ತು. ಸೆರಗು ಬಿಡಿಸಿ ನೋಡಿದ ಮಗ್ಗದ ಮಾಲೀಕ ಕಲ್ಲೇಶಪ್ಪ, "ಮದುವೆ ಹೆಣ್ಣು ಕೋಳಿ ಹೊದ್ಕಂಡು ಹಸೆಮಣೆ ಮೇಲೆ ಕೂರ್ತಾಳೇನಯ್ಯಾ? ಈ ತಿಂಗಳೊಳಗೆ ಕಣ್ಣು ಸರಿ ಮಾಡಿಸ್ಕೋ. ಇಲ್ಲಾಂದ್ರೆ ಮಗ್ಗ ಬೇರೆಯವರಿಗೆ ಕೊಡ್ತೀನಿ" ಎಂದುಬಿಟ್ಟಿದ್ದ. ಮಗ್ಗ ಹೋದರೆ ಓಬಯ್ಯನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ಒಂದು ಟ್ರಸ್ಟಿನವರು ಪುಕ್ಕಟೆಯಾಗಿ ಕಣ್ಣಿನ ಆಪರೇಷನ್ ಶಿಬಿರ ನಡೆಸುತ್ತಿದ್ದರು. ಓಬಯ್ಯ ಎರಡು ಸಲ ಹೋಗಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಡಾಕ್ಟರು ಒಪ್ಪಿದರೂ ಬಿ.ಪಿ. ಒಪ್ಪಲಿಲ್ಲ. ಬಿಳಿ ಕೋಟು ಕಂಡರೆ ಸಾಕು, ಅವನ ಎದೆ ಮಗ್ಗದ ಲಾಳಿಗಿಂತ ಜೋರಾಗಿ ಓಡುತ್ತಿತ್ತು. ಮೊದಲ ಸಲ ನೂರೆಪ್ಪತ್ತು, ಕೆಳಗೆ ನೂರು. ಎರಡನೆಯ ಸಲ ನೂರೆಂಬತ್ತು, ಕೆಳಗೆ ನೂರಹತ್ತು. ಎರಡು ಸಲವೂ ವಾಪಸ್. ಇವತ್ತು ಶಿಬಿರದ ಕಡೆಯ ದಿನ.

ಜೊತೆಗೆ ಹೊರಟವನು ಗೆಳೆಯ ಚಿಕ್ಕೀರಪ್ಪ. ಮನೆಗೆ ಬೆಂಕಿ ಬಿದ್ದರೂ ಬೀಡಿ ಹಚ್ಚಲು ಒಂದು ಕೆಂಡ ಕೇಳುವ ಆಸಾಮಿ. ಒಂದು ಕಾಲಕ್ಕೆ ಅವನೂ ನೇಕಾರನೇ. ಕಣ್ಣು ಮಂಜಾದಾಗ "ವಯಸ್ಸಾಯ್ತು ಬಿಡು" ಎಂದು ಮಗ್ಗದಿಂದೆದ್ದು ಅರಳಿಕಟ್ಟೆ ಹಿಡಿದಿದ್ದ. ಚಳ್ಳಕೆರೆಯ ಮಗಳ ಮನೆಗೆ ಹೊರಟಿದ್ದ ಪಕ್ಕದ ಮನೆಯ ಕರಿಯಕ್ಕನೂ ಅದೇ ಬಸ್ಸು ಹತ್ತಿ, ಓಬಯ್ಯನ ಕೈಲಿದ್ದ, ಬಿ.ಪಿ. ಬರೆದ ಶಿಬಿರದ ಚೀಟಿ ಕಸಿದುಕೊಂಡಳು.

"ಮೇಲಿಂದು ತಲೆ ಬಿ.ಪಿ., ಕೆಳಗಿಂದು ಕಾಲಿಂದು. ನಿಂಗೆ ತಲೆಗೇರೈತೆ ಕಣಣ್ಣಾ."

"ಇಳಿಸೋದೆಂಗವ್ವಾ?"

"ನಿಂತ್ಕೋ. ತಾನೇ ಇಳೀತೈತೆ."

ಸೀಟು ಖಾಲಿಯಿದ್ದರೂ ಬಡಪಾಯಿ ಕಂಬಿ ಹಿಡಿದು ನಿಂತ. ದಾರಿಯಲ್ಲಿ ತಳಕಿನ ಸ್ಟಾಪಿನಲ್ಲಿ ಹತ್ತಿದ ಹಿರಿಯರೊಬ್ಬರು ಚೀಟಿ ನೋಡಿ ತಲೆಯಾಡಿಸಿದರು. "ಎರಡನ್ನೂ ಕೂಡಬೇಕಪ್ಪಾ. ಇನ್ನೂರ ತೊಂಬತ್ತು! ಇಷ್ಟಿದ್ದೋರು ಬದುಕಿರೋದನ್ನ ನಾನಂತೂ ನೋಡಿಲ್ಲ."

"ದೇವುಡಾ!" ಎಂದ ಓಬಯ್ಯ. ಹೆದರಿದಾಗ ಅವನಿಗೆ ಮನೆಯ ತೆಲುಗೇ ಬಾಯಿಗೆ ಬರುತ್ತಿತ್ತು. ಚಳ್ಳಕೆರೆ ಬರುವವರೆಗೂ ಕಂಬಿ ಬಿಡಲಿಲ್ಲ.

ಶಿಬಿರದಲ್ಲಿ ಸಿಸ್ಟರ್ ವೀಣಾ ಬಂದವರಿಗೆಲ್ಲ ಒಟ್ಟಿಗೇ, "ಐದು ನಿಮಿಷ ಸುಮ್ನೆ ಕೂತ್ಕಳ್ರಿ, ಮಾತಾಡ್ಬೇಡ್ರಿ, ಆಮೇಲೆ ಕರೀತೀನಿ" ಎಂದು ಒಳಗೆ ಹೋದಳು. ಮಗಳ ಮನೆ ಮರೆತು ಹಿಂದೆಯೇ ಬಂದಿದ್ದ ಕರಿಯಕ್ಕ, ನೂರೆಂಬತ್ತಕ್ಕೇ ನೆಲಕ್ಕುರುಳಿದ ತನ್ನ ಭಾವನ ಕತೆಯನ್ನು ಆ ಐದೂ ನಿಮಿಷ ಹೇಳಿದಳು. ಕತೆ ಮುಗಿಸಿ ಅವಳು ಟೀ ಕುಡಿಯಲು ಹೋದ ಮೇಲೆ ಓಬಯ್ಯ ಗೆಳೆಯನ ಕೈ ಹಿಡಿದುಕೊಂಡ.

"ಚಿಕ್ಕೀರಾ, ಈ ಚೀಟಿ, ಆಧಾರ್ ಕಾರ್ಡು ಹಿಡ್ಕಂಡು ನೀನು ಹೋಗು. ಬಿ.ಪಿ. ನಂಬರ್ ಬರೆಸ್ಕಂಡು ಬಾ, ಆಮೇಲೆ ನಾನು ಹೋಗ್ತೀನಿ."

"ಆಧಾರಿನಾಗೆ ನಿನ್ನ ಫೋಟೋ ಐತಲ್ಲೋ?"

"ಆ ಫೋಟೋ ನನ್ ಹೆಂಡ್ತಿಗೇ ಗುರುತು ಸಿಕ್ಕಿಲ್ಲ. ಹೋಗ್ಲೇ."

ಚಿಕ್ಕೀರಪ್ಪ ಆಕಳಿಸುತ್ತ ಒಳಗೆ ಹೋದ. ಓಬಯ್ಯ ಬೇವಿನ ಮರದ ಕೆಳಗೆ ಕೂತ. ತಂಪು ಗಾಳಿ ಬೀಸುತ್ತಿತ್ತು, ಪರೀಕ್ಷೆ ಬೇರೆಯವನದಾಗಿತ್ತು. ಎಷ್ಟೋ ದಿನಗಳ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಹತ್ತಿತು.

ಎರಡು ಗಂಟೆ ಕಳೆದಿರಬೇಕು, ಯಾರೋ ಭುಜ ತಟ್ಟಿದರು. ವೀಣಾ ಸಿಸ್ಟರ್! ಕೈಯಲ್ಲಿ ಬಿ.ಪಿ. ಮಿಷನ್ನು. "ಓಬಯ್ಯನವರ ಕಡೆಯವರಾ? ಜೊತೆಗೆ ಬಂದೋರದ್ದೂ ನೋಡ್ತಿದೀವಿ, ಕೈ ಕೊಡ್ರಿ."

ನಿದ್ದೆಗಣ್ಣಿನಲ್ಲಿ ಅವನಿಗೆ ಹೆದರಲೂ ಪುರುಸೊತ್ತಾಗಲಿಲ್ಲ. ಪಟ್ಟಿ ಉಬ್ಬಿತು, ಇಳಿಯಿತು.

"ನೂರಿಪ್ಪತ್ತನಾಲ್ಕು, ಎಪ್ಪತ್ತೆಂಟು. ಎಷ್ಟು ಚೆನ್ನಾಗೈತೆ ಅಜ್ಜಾ!"

"ಹೋದ್ಸಲ ನೂರೆಂಬತ್ತು..." ಎಂದವನು ನಾಲಿಗೆ ಕಚ್ಚಿಕೊಂಡ.

"ಬಿ.ಪಿ. ಹಣೆಬರ ಅಲ್ಲ ಅಜ್ಜಾ, ನೋಡಿದ ಹೊತ್ತಿಂದು ಅಷ್ಟೇ. ಎದೆ ಬಡಿದಾಗ ರಕ್ತ ಒತ್ತೋದು ಮೇಲಿನ ನಂಬರು. ಎರಡು ಬಡಿತದ ಮಧ್ಯೆ ಉಳಿಯೋದು ಕೆಳಗಿಂದು. ಹೆದರಿದ್ರೆ ಏರ್ತೈತೆ, ನೆಮ್ಮದಿಯಾಗಿ ಕೂತ್ರೆ ಇಳೀತೈತೆ. ಅದಕ್ಕೇ ನಾಕು ಸಲ ನೋಡ್ಬೇಕು."

ಓಬಯ್ಯನಿಗೆ ಕುಣಿಯುವಂತಾಯಿತು. ಇದು ಅವನದೇ ಕೈ, ಅವನದೇ ರಕ್ತ, ಅವನದೇ ನಂಬರು! ಮೋಸವೇ ಬೇಕಿರಲಿಲ್ಲ. "ಸಿಸ್ಟರ್, ಚಿಕ್ಕೀರಪ್ಪನ್ನ ಹೊರಗೆ ಕಳಿಸ್ರಿ, ಓಬಯ್ಯ ನಾನೇ!" ಎನ್ನುತ್ತ ಎದ್ದು ಬಾಗಿಲಿಗೆ ಓಡಿದ.

ಅಷ್ಟರಲ್ಲಿ ಆ ಬಾಗಿಲಿನಿಂದಲೇ ಚಿಕ್ಕೀರಪ್ಪ ಹೊರಗೆ ಬಂದ. ಮೈಮೇಲೆ ಹಸಿರು ಅಂಗಿ, ಬಲಗಣ್ಣಿಗೆ ಬಿಳಿ ಪಟ್ಟಿ.

"ಏನ್ಲಾ ಇದು?"

"ನಂಬರ್ ಬರೆದ್ರು, ಕಣ್ಣಿಗೆ ಹನಿ ಬಿಟ್ರು, ಮಲಗಿಸಿದ್ರು. ನಾನವನಲ್ಲ ಅಂದಿದ್ರೆ ನಿನ್ ಮಾನ ಹೋಗ್ತಿತ್ತಲ್ಲೋ, ಸುಮ್ನಿದ್ದೆ. ನಿಂಗಿಂತ ದಪ್ಪ ಪೊರೆ ಇತ್ತಂತೆ ನಂಗೆ!"

ವೀಣಾ ತಲೆ ಮೇಲೆ ಕೈ ಹೊತ್ತಳು. ಡಾಕ್ಟರಿಗೆ ಹೇಳಿ ಬೈಸಿಕೊಂಡೂ ಬಂದಳು. ಆದರೆ 'ಓಬಯ್ಯ, ಬಲಗಣ್ಣು, ಆಪರೇಷನ್ ಆಗಿದೆ' ಎಂದು ಚೀಟಿಗೂ ಕಂಪ್ಯೂಟರಿಗೂ ಏರಿಯಾಗಿತ್ತು, ಶಿಬಿರದ ಸಾಮಾನು ಗಂಟು ಕಟ್ಟಿಯಾಗಿತ್ತು. "ಮುಂದಿನ ವರ್ಷ ಬರ್ರಿ ಅಜ್ಜಾ" ಎಂದಳು. ಓಬಯ್ಯ ಮಣ್ಣಿನಲ್ಲೇ ಕುಸಿದು ಕೂತು ಅತ್ತುಬಿಟ್ಟ. ಯಾರನ್ನು ಬೈಯಬೇಕೆಂದೂ ತಿಳಿಯಲಿಲ್ಲ. ತಪ್ಪು ತನ್ನದೇ.

ಟೀ ಮುಗಿಸಿ, ಮಗಳ ಮನೆಗೂ ಹೋಗಿ ಬಂದ ಕರಿಯಕ್ಕ ಮಾತ್ರ ಹೊತ್ತು ಕಳೆಯಲಿಲ್ಲ. ಮಾಲೀಕ ಕಲ್ಲೇಶಪ್ಪನಿಗೆ ಫೋನು ಹಚ್ಚಿ ಕತೆಯನ್ನೆಲ್ಲ ಹೇಳಿ, ಕಡೆಗೆ ಫೋನನ್ನು ಓಬಯ್ಯನ ಕಿವಿಗಿಟ್ಟಳು.

"ಓಬಯ್ಯಾ, ಚಿಕ್ಕೀರಪ್ಪಂಗೆ ಕಣ್ಣು ಬಂತಂತಲ್ಲ, ಒಳ್ಳೇದಾಯ್ತು!" ಕಲ್ಲೇಶಪ್ಪನ ದನಿ ಉತ್ಸಾಹದಲ್ಲಿತ್ತು. "ಪಟ್ಟಿ ಬಿಚ್ಚಿದ ಮೇಲೆ ನಿನ್ನ ಮಗ್ಗಕ್ಕೆ ಬಂದು ಕೂರೋಕೆ ಹೇಳು ಅವನಿಗೆ. ಮದುವೆ ಸೀಜನ್ನು, ಮಗ್ಗ ಖಾಲಿ ಬಿಡೋಕಾಗಲ್ಲ."

ಓಬಯ್ಯ ಫೋನನ್ನು ಕರಿಯಕ್ಕನ ಕೈಗೆ ವಾಪಸ್ ಕೊಟ್ಟ. ಚಿಕ್ಕೀರಪ್ಪ ಪಕ್ಕದಲ್ಲಿ ಕೂತು, ಅವನ ಬೆನ್ನು ಸವರಿದ.

"ಇನ್ನೊಂದು ಮಾತು ಕಣೋ. ಒಂದು ತಿಂಗಳು ಕಣ್ಣಿಗೆ ಹನಿ ಬಿಡಬೇಕಂತೆ. ಚೀಟಿ ನಿನ್ನ ಹೆಸರಿನಾಗೈತಲ್ಲ, ಔಷಧಿ ಈಸ್ಕೊಳ್ಳೋಕೆ ವಾರವಾರ ನೀನೇ ಬರ್ಬೇಕಂತೆ."