ಜೋಡಿ ಫಿಲ್ಟರ್ ಪ್ರಕರಣ

ನಮ್ಮ ಮನೆಯ ಮೀನು ನಮ್ಮ ಮನೆಯಲ್ಲೇ ಇರುತ್ತದೆ, ಅದೂ ಕನ್ನಡಿಯಂಥ ನೀರಿನಲ್ಲಿ ಎಂದು ಆ ಭಾನುವಾರ ಬೆಳಿಗ್ಗೆ ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಅದಕ್ಕೆ ಕಾರಣ ನನ್ನ ಭಾವಮೈದುನ. ನನ್ನ ಹೆಂಡತಿ ಒಂಬತ್ತು ವರ್ಷದಿಂದ ಮಗುವಿನಂತೆ ಸಾಕಿದ ಗೋಲ್ಡ್‌ಫಿಶ್ ಕೊಳಕು ನೀರಿನಲ್ಲಿ ಬಾಯಿ ಬಾಯಿ ಬಿಡುತ್ತಿದೆಯೆಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ಸಂಜೆ ಐದಕ್ಕೆ ಬಂದು ತನ್ನ ಮನೆಗೆ ಒಯ್ಯುತ್ತೇನೆ ಎಂದುಬಿಟ್ಟಿದ್ದ. ಒಯ್ಯಲು ಅವನು ಯಾರು? ನಾನೇನು ಸತ್ತಿದ್ದೇನೆಯೇ?

ತಪ್ಪೆಲ್ಲ ಫಿಲ್ಟರಿನದು. ಅಕ್ವೇರಿಯಂ ಕೆಳಗಿನ ಕಪಾಟಿನಲ್ಲಿ ಕೂತು, ಒಂದು ಪೈಪಿನಿಂದ ನೀರೆಳೆದು, ಸೋಸಿ, ಇನ್ನೊಂದರಿಂದ ಮೇಲಕ್ಕೆ ಕಳಿಸಬೇಕಾದ ಡಬ್ಬ ಅದು. ಒಂದು ವರ್ಷದಿಂದ ಗುಂಯ್‌ಗುಟ್ಟಿದ್ದು ಬಿಟ್ಟರೆ ಮಾಡಿದ ಕೆಲಸ ಸೊನ್ನೆ. ಅಂಥದ್ದೇ ಇನ್ನೊಂದು ತಂದೆ. ಎರಡನ್ನೂ ಜೋಡಿಸಿದರೆ ಒಂದು ಸೋಸಿದ್ದನ್ನು ಇನ್ನೊಂದು ಮತ್ತೆ ಸೋಸುತ್ತದೆ.

"ರೀ, ಜೊತೇಲಿ ಬಂದ ಚೀಟಿ ಓದಿದ್ರಾ?"

"ಚೀಟಿ ಓದಿ ಕೆಲಸ ಮಾಡೋನು ನಾನಲ್ಲ."

ಜೋಡಿಸಿದೆ. ಸ್ವಿಚ್ ಒತ್ತಿದೆ. ಇಲ್ಲೊಂದು ಸಣ್ಣ ವಿಷಯ ಹೇಳಿಬಿಡಬೇಕು. ಮೊದಲನೆಯದರಿಂದ ನೀರು ಹೊರಬರುವ ಬಾಯನ್ನು ಎರಡನೆಯದರ ಒಳಹೋಗುವ ಬಾಯಿಗೆ ಸೇರಿಸಬೇಕಿತ್ತು. ನಾನು ಹೊರಬರುವ ಬಾಯಿಗಳೆರಡನ್ನೇ ಒಂದಕ್ಕೊಂದು ಸೇರಿಸಿದ್ದೆ. ಎರಡೂ ಫಿಲ್ಟರುಗಳು ಅಕ್ವೇರಿಯಂ ತೊಟ್ಟಿಯ ನೀರೆಳೆದು, ಜಗಳಕ್ಕೆ ನಿಂತ ಓರಗಿತ್ತಿಯರಂತೆ ಒಂದರ ಮುಖಕ್ಕೊಂದು ಉಗಿದವು. ನಡುವಿನ ಪೈಪು ಕಿತ್ತುಬಂದು ನನ್ನ ಮುಖಕ್ಕೇ ಬಡಿಯಿತು.

ಸ್ವಿಚ್ ಆರಿಸಿದೆ. ನೀರು ನಿಲ್ಲಲಿಲ್ಲ!

"ಕರೆಂಟೇ ಇಲ್ಲ, ಹೇಗೆ ಬರುತ್ತೆ? ಬರೋ ಹಾಗೇ ಇಲ್ಲ," ಎಂದು ನಾನು ನೀರಿನ ಜೊತೆಗೇ ವಾದಕ್ಕಿಳಿದೆ. ಅಷ್ಟರಲ್ಲಿ ತೊಟ್ಟಿ ಬರಿದಾಗುತ್ತ ಬಂದು, ನಾಲ್ಕು ಬೆರಳು ನೀರಿನಲ್ಲಿ ಮೀನು ಅಡ್ಡ ಮಲಗಿ ಒದ್ದಾಡುತ್ತಿತ್ತು. ಆಗ ಮಾತ್ರ ವಾದ ಬಿಟ್ಟು ಹೆಂಡತಿಯನ್ನು ಕೂಗಿದೆ.

ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ಹೆಂಡತಿ ಓಡಿಬಂದು, ತೊಟ್ಟಿಯೊಳಗೆ ಇಳಿಬಿಟ್ಟಿದ್ದ ಎರಡೂ ಪೈಪುಗಳನ್ನು ನೀರಿನಿಂದ ಮೇಲೆತ್ತಿದಳು. ಪ್ರವಾಹ ನಿಂತಿತು.

"ಡ್ರಿಪ್ ಇಳಿಯೋಕೆ ಕರೆಂಟ್ ಬೇಕಾ?" ಎಂದಷ್ಟೇ ಕೇಳಿ, ಮೀನನ್ನು ಬಕೆಟ್ಟಿಗೆ ಬಿಟ್ಟಳು.

ಐದಕ್ಕೆ ಸರಿಯಾಗಿ ಭಾವಮೈದುನ ಬಂದ. ಒದ್ದೆ ನೆಲ ನೋಡಿದ, ಒದ್ದೆಯಾಗಿದ್ದ ನನ್ನನ್ನೂ ನೋಡಿದ. ನಾನೇನು ಬಿಡುವವನೇ?

"ಇಂಥ ಕಳಪೆ ಮಾಲು ಮಾಡೋರ ಮೇಲೆ ಕೇಸ್ ಹಾಕ್ಬೇಕು. ಒಂದು ವರ್ಷದಲ್ಲಿ ಒಂದು ಲೋಟ ನೀರು ಸೋಸಿಲ್ಲ!"

"ಬಿಚ್ಚಿ ತೊಳೀತಿದ್ರಾ, ಭಾವ?"

"ತೊಳೆಯೋದೂ ನಾನೇ ಆದ್ರೆ ಅದು ಯಾಕೆ?"

ಅವನು ಹಳೆಯ ಡಬ್ಬದ ಮುಚ್ಚಳ ತೆಗೆದ. ನೀರು ಸೋಸಬೇಕಾದ ಸ್ಪಂಜು, ಕಂಪನಿಯವರು ಸುತ್ತಿ ಕಳಿಸಿದ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಭದ್ರವಾಗಿ ಕೂತಿತ್ತು. ಹೊಸದರ ಮುಚ್ಚಳವನ್ನೂ ತೆಗೆದ. ಅದರಲ್ಲೂ ಕವರು.

ಹೆಂಡತಿ ಬಕೆಟ್ಟನ್ನು ತಮ್ಮನ ಕೈಗೆ ಕೊಟ್ಟಳು.

"ಫಿಲ್ಟರೂ ತಗೊಂಡು ಹೋಗ್ಲಾ, ಅಕ್ಕ?"

"ಬೇಡಪ್ಪ, ಅವು ನಿಮ್ಮ ಭಾವನ ಹತ್ರಾನೇ ಇರ್ಲಿ. ವರ್ಷಗಟ್ಟಲೆ ಇಟ್ಕೊಂಡ್ರೂ ಒಂದಿಷ್ಟು ಕೊಳೆ ತಾಗದ ಹಾಗೆ ನೋಡ್ಕೋತಾರೆ."