ಮಾವನವರ ಚಾಕುವಿನ ಆರೈಕೆ

ಅಳಿಯನನ್ನು ಪರೀಕ್ಷಿಸಲು ಲೋಕದಲ್ಲಿ ನೂರು ದಾರಿಗಳಿವೆ. ಸೈನ್ಯದಿಂದ ನಿವೃತ್ತರಾದ ನನ್ನ ಮಾವ ಚಾಕುವನ್ನೇ ಆರಿಸಿಕೊಂಡರು.

ಅವರ ಬಳಿ ಸೈನ್ಯ ಕೊಟ್ಟ ಮಡಿಚುವ ಚಾಕು ಎರಡಿದ್ದವು. ಹಳೆಯದು ಕಾರ್ಬನ್ ಸ್ಟೀಲು. ನೋಡಲು ಕಪ್ಪಾದರೂ ಮಹಾ ಹರಿತ. ಅದರ ಮೇಲೆ ನನಗೆ ಮದುವೆಯ ದಿನದಿಂದಲೂ ಕಣ್ಣು. (ಹುಡುಗಿಯ ಮೇಲೂ ಇತ್ತು ಅನ್ನಿ.)

“ಅಳಿಯಂದ್ರೇ, ಮೊದಲು ಇನ್ನೊಂದನ್ನ ಒಂದು ಮಳೆಗಾಲ ಇಟ್ಕೊಳ್ಳಿ. ಅಲಗು ಕೆಡದಿದ್ರೆ ಹಳೇದೂ ನಿಮ್ದೇ,” ಎಂದರು.

ಉಕ್ಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಾರ್ಬನ್ ಸ್ಟೀಲಿಗೆ ನೀರು ಸೋಕಿದರೆ ತುಕ್ಕು, ಹುಳಿ ಸೋಕಿದರೆ ಕಲೆ. ಸ್ಟೇನ್‌ಲೆಸ್ ಸೋಮಾರಿಗಳ ಲೋಹ; ವೀರಯೋಧರು ಅಂಥದ್ದನ್ನು ಮುಟ್ಟುತ್ತಾರೆಯೇ? ಖಂಡಿತ ಇಲ್ಲ, ಇದೂ ಕಾರ್ಬನ್ನೇ ಎಂದು ನಾನೇ ತೀರ್ಪು ಕೊಟ್ಟೆ. ದಿನಾ ಸಂಜೆ ಕಚೇರಿಯಿಂದ ಬಂದವನೇ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ ಬೀರುವಿನಲ್ಲಿ ಮಲಗಿಸುತ್ತಿದ್ದೆ.

“ರೀ, ಅಡುಗೆಮನೆ ಚಾಕು ಹಿಡಿ ಮುರಿದಿದೆ. ಅದನ್ನ ಒಂಚೂರು ಕೊಡಿ, ನಿಂಬೆಹಣ್ಣು ಹೆಚ್ಬೇಕು.”

“ನಿಂಬೆಹಣ್ಣಾ! ಅಲಗು ಸತ್ತೇ ಹೋಗುತ್ತೆ ಕಣೇ!”

“ನನ್ನ ಬೆನ್ನುನೋವಿಗೆ ಒಂದಿನ ಎಣ್ಣೆ ಹಚ್ಚಿದ್ದುಂಟಾ?”

ಪ್ರಶ್ನೆ ಲೋಹಶಾಸ್ತ್ರಕ್ಕೆ ಸಂಬಂಧಿಸಿರಲಿಲ್ಲವಾದ್ದರಿಂದ ಬನಿಯನ್ನನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿದೆ.

ಮಳೆಗಾಲ ಮುಗಿಯಿತು, ಮಾವ ಬಂದರು. ಬನಿಯನ್ ಬಿಚ್ಚಿ ಚಾಕುವನ್ನು ಮುಂದಿಟ್ಟೆ. ಒಂದು ಚುಕ್ಕೆ ತುಕ್ಕಿಲ್ಲ!

“ನೋಡಿ ಮಾವ, ಕಾರ್ಬನ್ ಸ್ಟೀಲನ್ನ ಹೀಗೆ ಸಾಕ್ಬೇಕು.”

“ಇದು ಸ್ಟೇನ್‌ಲೆಸ್ಸು,” ಎಂದರು ಮಾವ. “ಒರೆಸೋಕೆ ಮರೆಯೋರಿಗೇ ಅಂತ ಆಮೇಲೆ ಇದನ್ನ ಕೊಡೋಕೆ ಶುರು ಮಾಡಿದ್ರು. ಬಾವಿಗೆ ಹಾಕಿದ್ರೂ ಏನೂ ಆಗಲ್ಲ. ಇದನ್ನ ಹರಿತವಾಗಿ ಇಟ್ಕೊಳ್ಳೋದೇ ಕಷ್ಟ.”

ಅದನ್ನು ನಾನು ಒಮ್ಮೆಯೂ ಮಸೆದಿರಲಿಲ್ಲ.

ಮಾವ ಕಾಗದದ ಮೇಲೆ ಅಲಗು ಎಳೆದರು. ಸರ್ರನೆ ಎರಡು ಹೋಳು! “ಭಲೇ! ಯಾವುದರಲ್ಲಿ ಮಸೆದ್ರಿ?”

ನನ್ನ ಬಾಯಲ್ಲಿ ಸುಳ್ಳೊಂದು ಇನ್ನೂ ತಯಾರಾಗುತ್ತಿತ್ತು, ಅಷ್ಟರಲ್ಲಿ ಹೆಂಡತಿ ಬಂದಳು.

“ಪಿಂಗಾಣಿ ಬಟ್ಟಲಿನ ತಳದಲ್ಲಿ, ಅಪ್ಪಾ. ಇವರು ಕಚೇರಿಗೆ ಹೋದ್ಮೇಲೆ ನಿಂಬೆಹಣ್ಣು, ಈರುಳ್ಳಿ ಎಲ್ಲ ಅದರಲ್ಲೇ ಹೆಚ್ತಿದ್ದೆ. ತೊಳೆದು ಮತ್ತೆ ಬನಿಯನ್ನಲ್ಲಿ ಸುತ್ತಿಡ್ತಿದ್ದೆ. ಇವರ ಎಣ್ಣೆ ವಾಸನೆ ಹೋಗ್ಸೋದೇ ಒಂದು ದೊಡ್ಡ ಕೆಲಸ!”

ಮಾವ ಜೇಬಿನಿಂದ ಹಳೆಯ ಚಾಕುವನ್ನು ತೆಗೆದು ಮಗಳ ಕೈಗಿಟ್ಟರು. ನನಗೆ ಅಳುವೇ ಬಂತು. ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, ಬೆನ್ನು ತಟ್ಟಿದರು.

“ಬೇಜಾರಾಗ್ಬೇಡಿ ಅಳಿಯಂದ್ರೇ. ಇದು ನಿಜವಾದ ಕಾರ್ಬನ್ ಸ್ಟೀಲು. ಹೆಚ್ಚಿದ ತಕ್ಷಣ ಒರೆಸಿ ಎಣ್ಣೆ ಹಚ್ಚೋಕೆ ಮನೇಲಿ ಒಬ್ರು ಇರ್ಲೇಬೇಕು.”

ಅಡುಗೆಮನೆಯಿಂದ ಆಗಲೇ ಕೂಗು ಬಂತು: “ರೀ, ನಿಂಬೆಹಣ್ಣು ಹೆಚ್ಚಿದ್ದಾಯ್ತು, ಬನ್ನಿ!”