ಸೀಟಿ ಮೇಷ್ಟ್ರ ಸುಗಂಧ ಪ್ರತಿಜ್ಞೆ

"ನಾಳೆ ಸಂಜೆಯೊಳಗೆ ಈ ಊರಲ್ಲಿ ನನ್ನಷ್ಟು ಘಮಘಮ ಅನ್ನೋ ಗಂಡಸು ಇನ್ನೊಬ್ಬ ಇರಬಾರದು! ಅದೂ ಜೇಬಿಗೆ ಕತ್ತರಿ ಬೀಳದ ಹಾಗೆ! ಮಾಡಿ ತೋರಿಸದಿದ್ರೆ ನಾನು ಸೀಟಿ ಮೇಷ್ಟ್ರೇ ಅಲ್ಲ!"

ಹೀಗೆ ಗರ್ಜಿಸಿ ಮೇಷ್ಟ್ರು ಅಡುಗೆಮನೆಯ ಮೇಜನ್ನು ಗುದ್ದಿದರು. ಲೋಟದಲ್ಲಿದ್ದ ಕಾಫಿ ಹಾರಿ ಅವರ ತೊಡೆಯ ಮೇಲೇ ಬಿತ್ತು. ಕಾಫಿಯ ಮೇಲೂ ಅವರಿಗೆ ಕೋಪ ಬಂತು.

ಮೇಷ್ಟ್ರು ಈಜು ಕಲಿಸುವವರು. ಕೊರಳಲ್ಲಿ ಸದಾ ಒಂದು ಸೀಟಿ. ಊದಿದರೆ ಕೊಳದಲ್ಲಿದ್ದವರು ಮಾತ್ರವಲ್ಲ, ಹೊರಗೆ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳೂ ನಿಲ್ಲುತ್ತಿದ್ದವು. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. "ಕಾಲು ಬಡಿ! ಬಡಿ ಅಂದ್ರೆ ಬಡಿ! ಹಿಟ್ಟು ನಾದ್ತಿದ್ದೀಯಾ?" ಎಂದು ಬೈಸಿಕೊಳ್ಳದೆ ಅವರ ಬೆಳಗಿನ ಬ್ಯಾಚಿನಲ್ಲಿ ಈಜು ಕಲಿತವರು ಯಾರೂ ಇಲ್ಲ. ಹಾಗೆ ಅರ್ಧ ಊರನ್ನೇ ತೇಲಿಸಿದ ಮಹಾನುಭಾವರಿಗೆ ಮೊನ್ನೆ ಮನೆಯ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಒಂದು ರಬ್ಬರ್ ಟೋಪಿ ಕಂಡಿತು.

"ಯಾರದೇ ಇದು?"

"ನಂದು" ಎಂದಳು ಹೆಂಡತಿ.

"ನಿಂದಾ? ಬಕೆಟ್ಟಿನ ನೀರು ನೋಡಿದ್ರೆ ಹೆದರೋಳು ನೀನು!"

"ಅದಕ್ಕೇ ಕಲಿಯೋಕೆ ಸೇರ್ಕೊಂಡೆ. ಸಂಜೆ, ಹೆಂಗಸರ ಬ್ಯಾಚಿಗೆ."

"ಸಂಜೆ ಬ್ಯಾಚು ಆ ಘಮಘಮಂದಲ್ವೇನೇ!"

"ಹೌದು" ಎಂದಳು ಆಕೆ, ಟೋಪಿ ಮಡಚುತ್ತಾ.

ಘಮಘಮ ಎಂದರೆ ಅದೇ ಕೊಳದ ಇನ್ನೊಬ್ಬ ಮೇಷ್ಟ್ರು. ಹೆಸರಿಟ್ಟವರು ಇವರೇ. ಅವನು ಕೊಳಕ್ಕೆ ಬರುವುದಕ್ಕೆ ಮುಂಚೆ ಅವನ ಸೆಂಟು ಬಂದು ಹಾಜರಿ ಹಾಕುತ್ತಿತ್ತು. ಧ್ವನಿ ಎಷ್ಟು ಮೆತ್ತಗೆಂದರೆ ಅವನು ಕಲಿಸುತ್ತಿದ್ದಾನೋ ಮಗುವನ್ನು ಮಲಗಿಸುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಇಂಥವನ ಬ್ಯಾಚಿಗೆ ತಮ್ಮ ಸ್ವಂತ ಹೆಂಡತಿ! ಕೊಳದ ಕಾವಲುಗಾರನಿಂದ ಟಿಕೆಟ್ ಹರಿಯುವವನವರೆಗೆ ಎಲ್ಲರೂ ಬೆನ್ನ ಹಿಂದೆ ನಗುವುದಿಲ್ಲವೇ? 

"ಮನೇಲೇ ಮೇಷ್ಟ್ರಿದ್ದಾರೆ, ನೆನಪಿಲ್ವಾ? ನನ್ನ ಬ್ಯಾಚಿಗೆ ಏನು ರೋಗ?"

ಆಕೆ ಮಡಚಿದ ಟೋಪಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ, "ನಿಮ್ಮ ಹತ್ರ ನಿಂತ್ರೆ ಕ್ಲೋರಿನ್ ವಾಸನೆ ರೀ. ತಲೆ ಸುತ್ತತ್ತೆ" ಎಂದಳು. "ಅವರ ಹತ್ರ ನಿಂತ್ರೆ ಹೂವಿನಂಗಡಿ ಮುಂದೆ ನಿಂತ ಹಾಗಿರತ್ತೆ."

ಇಷ್ಟಾದ ಮೇಲೆಯೇ ಮೇಷ್ಟ್ರು ಮೇಜು ಗುದ್ದಿದ್ದು. ವಾಸನೆಯೇ ರೋಗವಾದರೆ ವಾಸನೆಯೇ ಮದ್ದು. ಘಮಘಮನಿಗಿಂತ ಘಮಘಮಿಸಿ, ಹೆಂಡತಿಯನ್ನು ತಮ್ಮ ಬ್ಯಾಚಿಗೆ ಎಳೆದು ತರುವುದು. ಅಷ್ಟೇ!

ಸೆಂಟಿನಂಗಡಿಗೆ ಕಾಲಿಟ್ಟ ಕ್ಷಣದಿಂದಲೇ ಯುದ್ಧ ಶುರುವಾಯಿತು.

"ಏನು ಕೊಡ್ಲಿ ಸಾರ್? ಪರ್ಫ್ಯೂಮಾ, ಬಾಡಿ ಸ್ಪ್ರೇನಾ, ಡಿಯೋನಾ?" ಎಂದಳು ಕೌಂಟರಿನ ಹುಡುಗಿ.

"ವಾಸನೆ ಬರಬೇಕಮ್ಮ! ಒಳ್ಳೇ ವಾಸನೆ! ಅಗ್ಗದ್ದು!"

"ಮರದ್ದು ಬೇಕಾ, ನಿಂಬೆಹಣ್ಣಿಂದಾ, ಅಕ್ವಾನಾ?"

"ಅಕ್ವಾ ಅಂದ್ರೆ ಏನು?"

"ನೀರಿನ ಪರಿಮಳ ಸಾರ್. ಆಗಷ್ಟೇ ಈಜುಕೊಳದಿಂದ ಎದ್ದು ಬಂದ ಹಾಗಿರತ್ತೆ. ಗಂಡಸರು ಮುಗಿಬಿದ್ದು ತಗೋತಾರೆ."

ಮೇಷ್ಟ್ರ ಪಿತ್ತ ನೆತ್ತಿಗೇರಿತು. ಯಾವ ವಾಸನೆಗೆ ಮನೆಯಲ್ಲಿ ಮರ್ಯಾದೆ ಹೋಯಿತೋ ಅದೇ ವಾಸನೆಯನ್ನು ಇಲ್ಲಿ ಗಾಜಿನ ಶೀಶೆಯಲ್ಲಿ ತುಂಬಿ ಮಾರುತ್ತಿದ್ದಾರೆ! ಹಾಗಾದರೆ ತಮ್ಮ ಬನಿಯನ್ ಹಿಂಡಿದರೆ ಒಂದು ಅಂಗಡಿಯನ್ನೇ ಇಡಬಹುದಲ್ಲ!

ಎಡಗಡೆ ಗೋಡೆ ಗಂಡಸರದು, ಪೂರಾ ಕಪ್ಪು. ಬಲಗಡೆ ಗೋಡೆ ಹೆಂಗಸರದು, ಪೂರಾ ಗುಲಾಬಿ. ಮೇಷ್ಟ್ರು ಕಪ್ಪು ಗೋಡೆಯಿಂದ ಒಂದು ಶೀಶೆ ಎತ್ತಿ ಮೂಸಿದರು. ಹೆಸರು ಸುಂಟರಗಾಳಿ. ಒಳಗಿದ್ದದ್ದು ನಿಂಬೆಹಣ್ಣು. ಗುಲಾಬಿ ಗೋಡೆಯಿಂದ ಒಂದು ಎತ್ತಿದರು. ಹೆಸರು ಮುಂಜಾನೆಯ ಮುಗುಳ್ನಗೆ. ಒಳಗೆ ಅದೇ ನಿಂಬೆಹಣ್ಣು, ಶೀಶೆ ಚಿಕ್ಕದು, ಬೆಲೆ ದೊಡ್ಡದು!

"ನಿಂಬೆಹಣ್ಣಿಗೆ ಗಂಡು ಹೆಣ್ಣು ಅಂತ ಇದೆಯೇನಮ್ಮ?"

"ನಾನು ಮಾಡಿದ್ದಲ್ಲ ಸಾರ್."

"ನಗೋದಕ್ಕೆ ಸುಂಟರಗಾಳಿಗಿಂತ ಜಾಸ್ತಿ ರೇಟಾ?"

"ಮೂಸಿ ನೋಡಿ ಸಾರ್, ಮೂಸೋದು ಪುಕ್ಕಟೆ."

ಪುಕ್ಕಟೆ ಎಂದರೆ ಮೇಷ್ಟ್ರು ಬಿಟ್ಟಾರೆಯೇ? ಎಡ ಮಣಿಕಟ್ಟಿಗೆ ಚಿರತೆ ಎಂಬ ಸೆಂಟು, ಬಲ ಮಣಿಕಟ್ಟಿಗೆ ಉಕ್ಕು, ಮೊಣಕೈಗೆ ನಡುಗಡ್ಡೆ, ಕತ್ತಿನ ಹಿಂದೆ ಸೇನಾಪತಿ. ಜಾಗ ಸಾಲದೆ ಪ್ಯಾಂಟು ಮೇಲೆತ್ತಿ ಮೊಣಕಾಲಿಗೂ ಒಂದು ಹೊಡೆದುಕೊಂಡರು. ಅಷ್ಟರಲ್ಲಿ ಮೂಗು ಸೋತು ಶರಣಾಗಿತ್ತು. ಚಿರತೆಗೂ ಸೇನಾಪತಿಗೂ ಏನು ವ್ಯತ್ಯಾಸವೆಂದು ಕೇಳಿದ್ದರೆ ಆ ಮೂಗು ಕೈ ಮುಗಿದುಬಿಡುತ್ತಿತ್ತು.

"ಸಾರ್, ನಿಮ್ದು ಒಣ ಚರ್ಮ. ಒಣ ಚರ್ಮದ ಮೇಲೆ ಎಂಥ ಸೆಂಟೂ ನಿಲ್ಲಲ್ಲ" ಎಂದಳು ಹುಡುಗಿ, ಇವರನ್ನು ಸಾಗಹಾಕುವ ಆತುರದಲ್ಲಿ. "ಮೊದಲು ಪರಿಮಳದ ಲೋಷನ್ ಹಚ್ಚಿ, ಅದು ಮೈಗೆ ಇಳಿದ ಮೇಲೆ ಅದೇ ಪರಿಮಳದ ಸ್ಪ್ರೇ ಹೊಡೀರಿ. ಅಗ್ಗದ್ದಾದ್ರೂ ಸಂಜೆವರೆಗೆ ಇರತ್ತೆ. ನೋಡಿ, ಜೋಡಿ ಸೆಟ್ ಇದೆ. ನಿಮಗೆ ಮೂರು ಕಪ್ಪು ಬಾಟಲಿ, ಮನೆಯವರಿಗೆ ಮೂರು ಗುಲಾಬಿ. ಇದು ಬಾಡಿ ವಾಶ್, ಅಂದ್ರೆ ನೀರು ಸೋಪು, ಸ್ನಾನಕ್ಕೆ. ಇದು ಲೋಷನ್, ಸ್ನಾನ ಆದ್ಮೇಲೆ. ಇದು ಸ್ಪ್ರೇ. ಒಂದು ಸೆಟ್ಟಿನ ಬೆಲೆಗೆ ಎರಡು."

ಮೇಷ್ಟ್ರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಮನೆಗೆ ಬಂದು, ರಾಜ್ಯ ಗೆದ್ದು ಬಂದವರ ಹಾಗೆ ಗುಲಾಬಿ ಡಬ್ಬವನ್ನು ಹೆಂಡತಿಯ ಮುಂದಿಟ್ಟರು. "ತಗೋ! ನಿಂಗೂ ತಂದಿದ್ದೀನಿ!"

ಆಕೆ ಮುಚ್ಚಳ ತೆಗೆದು ನೋಡಿದಳು. ಮುಖ ಕೆಂಪಾಯಿತು.

"ಮೈ ತೊಳೆಯೋದು, ಮೈಗೆ ಹಚ್ಚೋದು, ಮೈಗೆ ಹೊಡೆಯೋದು. ಅಂದ್ರೆ ನನ್ನ ಮೈ ನಾರತ್ತೆ ಅಂತಾನಾ?"

"ಅಯ್ಯೋ, ನಾನು ಹಾಗೆಲ್ಲಿ ಅಂದೆ?"

"ಅನ್ನೋದು ಬೇರೆ ಬೇಕಾ? ಮೂರು ಬಾಟಲಿ ತಂದಿದ್ದೀರಲ್ಲ! ಒಂದರಲ್ಲಿ ಹೋಗೋ ನಾತ ಅಲ್ಲ ಅಂತ ತಾನೇ?"

"ಒಂದು ತಗೊಂಡ್ರೆ ಒಂದು ಫ್ರೀ ಇತ್ತು ಕಣೇ!"

"ಓಹೋ! ನಂಗೆ ಅಂತ ತಂದಿದ್ದೂ ಅಲ್ಲ, ಪುಕ್ಕಟೆ ಸಿಕ್ಕಿದ್ದು!"

ಸಿಟ್ಟಿನಲ್ಲಿ ಸೀಟಿ ಊದಿ ಜಗಳ ನಿಲ್ಲಿಸೋಣವೆಂದು ಮೇಷ್ಟ್ರ ಕೈ ಕೊರಳಿಗೆ ಹೋಯಿತು. ಆಕೆಯ ಕಣ್ಣು ನೋಡಿ ಕೈ ಕೆಳಗಿಳಿಯಿತು.

"ಏನಾದ್ರೂ ಮಾಡ್ಕೊಳ್ಳಿ. ಕನ್ನಡಕ ಹಾಕ್ಕೊಂಡು ಬಾಟಲಿ ಮೇಲೆ ಬರೆದಿರೋದು ಓದ್ಕೊಂಡು ಹಚ್ಕೊಳ್ಳಿ" ಎಂದು ಆಕೆ ಒಳಗೆ ಹೋದಳು.

ಕನ್ನಡಕ! ಇದೊಂದು ಹಳೆಯ ಹುಣ್ಣು. ಆಕೆಗೆ ಕನ್ನಡಕದಂಗಡಿಯಲ್ಲಿ ಕೆಲಸ. ಊರಿನವರ ಮೂಗಿಗೆಲ್ಲ ಕನ್ನಡಕ ಏರಿಸಿದವಳಿಗೆ ಗಂಡನ ಮೂಗಿಗೆ ಮಾತ್ರ ಏರಿಸಲಾಗಿರಲಿಲ್ಲ.

"ಕೊಳದ ಆ ತುದೀಲಿ ಒಬ್ಬನ ಹೆಬ್ಬೆರಳು ಸೊಟ್ಟಗಿದ್ರೂ ಇಲ್ಲಿಂದ ಹೇಳ್ತೀನಿ! ನಂಗೆ ಕನ್ನಡಕಾನಾ?" ಎಂದು ಇವರು ಕೂಗಿದರು.

"ಆ ತುದೀದು ಕಾಣತ್ತೆ. ಕೈಯಲ್ಲಿರೋದು ಕಾಣಲ್ಲ!" ಎಂದು ಒಳಗಿಂದ ಉತ್ತರ ಬಂತು.

ಮರುದಿನ ಸಂಜೆ ಹೆಂಗಸರ ಬ್ಯಾಚಿಗೆ ಮುಂಚೆ ಮೇಷ್ಟ್ರು ಬಚ್ಚಲಿನಲ್ಲಿ ಮೂರು ಕಪ್ಪು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿಕೊಂಡರು. ಮೂರೂ ಒಂದೇ ಎತ್ತರ, ಒಂದೇ ಬಣ್ಣ, ಅಕ್ಷರಗಳೋ ಇರುವೆ ಕಾಲಿನಷ್ಟು. ಇಂಥ ಅಕ್ಷರ ಬರೆದವನನ್ನು ಕೊಳಕ್ಕೆ ತಳ್ಳಬೇಕು ಎಂದು ಮೇಷ್ಟ್ರು ಹಲ್ಲು ಕಡಿದರು. ಒತ್ತಿದರೆ ಬುಸ್ಸೆಂದದ್ದು ಸ್ಪ್ರೇ, ಅದು ಗೊತ್ತಾಯಿತು. ಉಳಿದ ಎರಡರಲ್ಲಿ ಜಾಸ್ತಿ ಪರಿಮಳ ಯಾವುದಕ್ಕೆ? ಇದಕ್ಕೆ! ಹಾಗಾದರೆ ಇದೇ ಲೋಷನ್ನು!

ಕತ್ತು, ತೋಳು, ಎದೆ, ಹೊಟ್ಟೆ, ಬೆನ್ನಿಗೆ ಕೈ ಎಟುಕುವಷ್ಟು, ಕಾಲಿಗೆ ಅಂಗಾಲಿನವರೆಗೆ, ತಲೆಗೂ ಒಂದಿಷ್ಟು. ಬಾಟಲಿ ಮುಕ್ಕಾಲು ಖಾಲಿ. ಮೈಯೆಲ್ಲ ಅಂಟಂಟು. "ಇಳೀತಿದೆ, ಚರ್ಮದೊಳಗೆ ಇಳೀತಿದೆ" ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡು, ಒಣಗಿದ ಮೇಲೆ ಸ್ಪ್ರೇ ಹೊಡೆದುಕೊಂಡು ಕೊಳಕ್ಕೆ ನಡೆದರು. ದಾರಿಯಲ್ಲಿ ಇಬ್ಬರು ತಿರುಗಿ ನೋಡಿದರು. ಮೇಷ್ಟ್ರ ಎದೆ ಉಬ್ಬಿತು. ಅಂಟಿಕೊಂಡಿದ್ದ ಅಂಗಿಯೂ ಜೊತೆಗೇ ಚರ್ಮ ಎಳೆಯಿತು.

ಕೊಳದ ಬಾಗಿಲಲ್ಲಿ ಒಂದು ಷವರ್ ಇದೆ. ಅದರ ಕೆಳಗೆ ಮೈ ತೊಳೆಯದೆ ನೀರಿಗಿಳಿಯುವಂತಿಲ್ಲ. ಮೇಷ್ಟ್ರ ಆಳ್ವಿಕೆಯಲ್ಲಿ ಕೊಳದ ಮ್ಯಾನೇಜರನ್ನೂ ಒಮ್ಮೆ ಅರ್ಧ ಈಜಿನಿಂದ ಎಬ್ಬಿಸಿ ಷವರಿಗೆ ಓಡಿಸಿದ್ದುಂಟು. ಆದರೆ ಇವತ್ತು ತೊಳೆದರೆ ಪರಿಮಳದ ಗತಿ? ಮೇಷ್ಟ್ರು ಅತ್ತಿತ್ತ ನೋಡಿ ಕಳ್ಳನ ಹಾಗೆ ಷವರನ್ನು ದಾಟಿ ಒಳಗೆ ನುಸುಳಿದರು.

ಕಲಿಯುವವರ ಚಿಕ್ಕ ಕೊಳದಲ್ಲಿ ಎದೆಮಟ್ಟ ನೀರು. ತಳದಲ್ಲಿ ಗಾಳಿ ಉಕ್ಕಿಸುವ ಒಂದು ಯಂತ್ರ, ಗುಳುಗುಳು ಅನ್ನುತ್ತಿತ್ತು. ಏಳೆಂಟು ಹೆಂಗಸರು ಕಾಲು ಬಡಿಯುತ್ತಿದ್ದರು. ಮೇಷ್ಟ್ರ ಹೆಂಡತಿ ಮಾತ್ರ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಡುಗುತ್ತಾ ನಿಂತಿದ್ದಳು.

"ತುಂಬಾ ಚೆನ್ನಾಗಿ ಮಾಡ್ತಿದ್ದೀರಿ ಮೇಡಂ" ಎಂದ ಘಮಘಮ.

"ಚೆನ್ನಾಗಿ ಮಾಡ್ತಿದ್ದಾಳಾ?" ಮೇಷ್ಟ್ರು ಕೆಂಡಾಮಂಡಲವಾದರು. "ಕಂಬಿ ಹಿಡ್ಕೊಂಡು ನಿಂತಿದ್ದಾಳಲ್ರೀ! ಬಸ್ಸಲ್ಲಿ ನಿಂತ ಹಾಗೆ! ಸರೀರಿ, ನಾನು ತೋರಿಸ್ತೀನಿ!"

ಧುಡುಮ್ಮನೆ ಹಾರಿದರು. ಹಾರಿ ಬಿದ್ದದ್ದು ನೇರ ಆ ಯಂತ್ರದ ಮೇಲೆ!

ಮೊದಲು ಅವರ ಕಂಕುಳಿನಿಂದ ಒಂದು ಬಿಳಿ ಗೆರೆ ಎದ್ದಿತು. ಆಮೇಲೆ ಕತ್ತಿನ ಸುತ್ತ ಒಂದು ಹಾರ. ಯಂತ್ರ ಗಾಳಿ ಉಕ್ಕಿಸಿತು, ಮೇಷ್ಟ್ರು ನೊರೆ ಉಕ್ಕಿಸಿದರು. ನೋಡನೋಡುತ್ತಾ ಒಲೆಯ ಮೇಲೆ ಮರೆತ ಹಾಲಿನ ಹಾಗೆ ಕೊಳ ಮೇಲೆದ್ದಿತು. ಹೆಂಗಸರು ಕಿರುಚಿಕೊಂಡು ದಡ ಹತ್ತಿದರು. ಯಂತ್ರ ನಿಲ್ಲಿಸಲು ಓಡಿದ ಘಮಘಮ ಜಾರಿ ಕುಕ್ಕರಿಸಿ, ಕೂತ ಹಾಗೇ ಬಾಗಿಲವರೆಗೆ ಹೋದ.

"ಎಲ್ಲಾ ನಿಂತ್ಕೊಳ್ಳಿ!" ಎಂದು ಆಜ್ಞೆ ಮಾಡಲು ಮೇಷ್ಟ್ರು ಬಾಯಿ ತೆರೆದರು. ಬಾಯಿ ತುಂಬ ನೊರೆ. ಸೀಟಿಯನ್ನಾದರೂ ಊದೋಣವೆಂದು ಊದಿದರು. ಪೀ ಅನ್ನುವ ಬದಲು ಸೀಟಿಯಿಂದ ಒಂದು ದೊಡ್ಡ ಗುಳ್ಳೆ ಬಂತು. ಅದರ ಹಿಂದೆ ಅದರ ಸಂಸಾರವೆಲ್ಲ ಬಂತು. ದಡದ ಮೇಲೆ ಯಾರೋ ಚಪ್ಪಾಳೆ ತಟ್ಟಿದರು! ಮೇಷ್ಟ್ರಿಗೆ ಸಿಟ್ಟಿನಿಂದ ಮೈ ಪರಚಿಕೊಳ್ಳುವ ಹಾಗಾಯಿತು. ಪರಚಿಕೊಂಡರೆ ಇನ್ನಷ್ಟು ನೊರೆ ಬಂತು.

ಆಗ ಕಂಡದ್ದು ಹೆಂಡತಿ. ಎಲ್ಲರೂ ದಡ ಹತ್ತಿದರೂ ಆಕೆ ಕಂಬಿ ಬಿಟ್ಟಿರಲಿಲ್ಲ, ಬಿಡಲು ಕೈ ಬರುತ್ತಿರಲಿಲ್ಲ. ನೊರೆ ಗಲ್ಲದವರೆಗೆ ಏರಿತ್ತು. ಕಣ್ಣು ಬಾಣಲೆಯಷ್ಟು ಅಗಲವಾಗಿತ್ತು. ಮೇಷ್ಟ್ರ ಕೋಪವೆಲ್ಲ ಜರ್ರನೆ ಇಳಿಯಿತು. ನೊರೆಯನ್ನು ಸೀಳಿಕೊಂಡು ಹತ್ತಿರ ಹೋದರು. "ಬಿಡೇ ಕಂಬೀನ! ಕಲ್ಲು ಕಂಬದ ಹಾಗೆ ನಿಂತಿದ್ದೀಯಲ್ಲ!" ಎನ್ನಬೇಕೆಂದುಕೊಂಡರು. ಬಂದದ್ದು "ಬ್ಲುಬ್ಲುಬ್ಲು."

ಬೇರೆ ದಾರಿ ಕಾಣದೆ ಕೈ ಚಾಚಿದರು. ಆಕೆ ಒಂದು ಕೈ ಬಿಟ್ಟು ಅದನ್ನು ಹಿಡಿದಳು. ಇನ್ನೊಂದು ಕೈಯನ್ನು ಮೇಷ್ಟ್ರು ಆಕೆಯ ಬೆನ್ನಡಿ ಇಟ್ಟರು. ಗಲ್ಲ ಮೇಲೆತ್ತು ಎಂದು ಕಣ್ಣಲ್ಲಿ ತೋರಿಸಿದರು. ಉಸಿರು ಎಳೆದು ತೋರಿಸಿದರು. ಆಕೆ ಎಳೆದಳು. ಕಂಬಿ ಬಿಟ್ಟಳು. ಕಾಲು ತಾನಾಗಿ ಮೇಲೆದ್ದಿತು. ಆ ಬಿಳಿ ನೊರೆಯ ನಡುವೆ, ಬಕೆಟ್ಟಿನ ನೀರಿಗೆ ಹೆದರುವ ಹೆಂಗಸು ಅಂಗಾತ ತೇಲಿದಳು! ಮೇಷ್ಟ್ರು ಬೆನ್ನಡಿಯ ಕೈಯನ್ನು ಮೆಲ್ಲಗೆ ತೆಗೆದರೂ ತೇಲುತ್ತಲೇ ಇದ್ದಳು.

ಮೇಷ್ಟ್ರಿಗೆ ಅಳು ಬಂತು. ಕಣ್ಣಿಗೆ ಸೋಪು ಹೋಗಿತ್ತು ಎಂದು ಆಮೇಲೆ ಹೇಳಿಕೊಂಡರು, ಅದೂ ಸುಳ್ಳಲ್ಲ.

ಮ್ಯಾನೇಜರ್ ಹೆಚ್ಚು ಮಾತಾಡಲಿಲ್ಲ. ನೀರು ಖಾಲಿ ಮಾಡಿಸಿ, ಉದ್ದ ಹಿಡಿಯ ಬ್ರಷ್ ತಂದು ಮೇಷ್ಟ್ರ ಕೈಗೆ ಕೊಟ್ಟು, ಮೊದಲು ಷವರ್ ಕಡೆ ಬೆರಳು ತೋರಿಸಿ ಹೋದರು. ಮೈ ತೊಳೆದುಕೊಂಡು ಬಂದು ಮೇಷ್ಟ್ರು ಖಾಲಿ ಕೊಳದ ತಳ ಉಜ್ಜುತ್ತಾ, ಆ ಅಂಗಡಿಯವಳಿಗೆ, ಇರುವೆ ಕಾಲಿನ ಅಕ್ಷರಕ್ಕೆ, ಕಪ್ಪು ಬಾಟಲಿಯ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದರು. ಹೆಂಡತಿ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಕೂದಲು ಒರೆಸಿಕೊಳ್ಳುತ್ತಿದ್ದಳು.

"ರೀ, ನಾಳೆಯಿಂದ ನಿಮ್ಮ ಬ್ಯಾಚಿಗೇ ಬರ್ತೀನಿ."

ಬ್ರಷ್ಷು ನಿಂತಿತು. "ಏನಂದೆ?"

"ನಿಮ್ಮ ಹತ್ರಾನೇ ಕಲೀತೀನಿ ಅಂದೆ."

"ನೋಡಿದ್ಯಾ!" ಮೇಷ್ಟ್ರು ಬ್ರಷ್ಷನ್ನು ಗದೆಯ ಹಾಗೆ ಹೆಗಲಿಗೇರಿಸಿದರು. "ಸೆಂಟು ಅಂದ್ರೆ ಇದು! ಆ ಘಮಘಮನ್ನ ಒಂದೇ ದಿನದಲ್ಲಿ ಮಕಾಡೆ ಮಲಗಿಸಿದ್ನೋ ಇಲ್ವೋ?"

"ಸೆಂಟಲ್ಲ ರೀ. ವಾಸನೆ ಅಂತ ನಾನು ಸುಮ್ನೆ ಹೇಳಿದ್ದು, ನಿಮಗೆ ಬೇಜಾರಾಗಬಾರದು ಅಂತ."

"ಮತ್ತಿನ್ನೇನು?"

"ಮದುವೆ ಆದಾಗಿಂದ ಇವತ್ತೇ ಮೊದಲು ನೀವು ಬೈಯದೆ ಏನೋ ಒಂದು ಹೇಳ್ಕೊಟ್ಟಿದ್ದು. ಅದಕ್ಕೇ ತೇಲಿದೆ. ಬರ್ತೀನಿ, ಆದ್ರೆ ಒಂದು ಷರತ್ತು."

"ಷರತ್ತಾ? ನಂಗೆ ಷರತ್ತಾ? ಲೇ, ಅರ್ಧ ಊರಿಗೆ ಈಜು ಕಲಿಸಿದೋನು ಕಣೇ ನಾನು! ಕಂಬಿ ಹಿಡ್ಕೊಂಡು ನಡುಗ್ತಿದ್ದೋಳು ನಂಗೆ..."

"ನೋಡಿ, ಇದಕ್ಕೇ!" ಎಂದಳು ಆಕೆ, ಟವೆಲ್ ಕೊಡವಿ ಏಳುತ್ತಾ. "ದಿನಾ ನೀರಿಗಿಳಿಯೋ ಮುಂಚೆ ಆ ಸೋಪನ್ನ ಬಾಯಿಗೆ ಒಂದು ಚಮಚ ಹಾಕ್ಕೊಂಡು ಬನ್ನಿ. ಮೈಗೆ ಬೇಡ!"